ಕಸವಿಲ್ಲದೆ ಬಂದ ಹಳ್ಳ

ಹೊಳೆ ಉಕ್ಕಿದಾಗ ಮೀನು ಹೊಳೆಯಲ್ಲಿ ಇರುವುದಿಲ್ಲ. ಪಟ್ಟದಕಲ್ಲಿನ ಗುಡಿಗಳನ್ನು ನೋಡಲು ಬಂದವರು ಮಳೆಗಾಲದಲ್ಲಿ ಮಲಪ್ರಭೆಯ ಕೆಂಪು ನೀರು ಕಂಡು, "ಇಷ್ಟು ನೀರು ಬಂದಿದೆ, ಮೀನು ಹಿಡಿಯುವವರಿಗೆ ಹಬ್ಬ ಅಲ್ಲವೇ?" ಎಂದು ನನ್ನನ್ನು ಕೇಳಿದ್ದುಂಟು. ಬಿರುಗಾಳಿ ಬೀಸುವಾಗ ನೀವು ನಡುಬಯಲಿನಲ್ಲಿ ನಿಲ್ಲುತ್ತೀರೋ, ಗೋಡೆಯ ಮರೆಗೆ ಹೋಗುತ್ತೀರೋ ಎಂದು ನಾನು ತಿರುಗಿ ಕೇಳುತ್ತೇನೆ. ಮೀನಿಗೂ ಅಷ್ಟು ಬುದ್ಧಿ ಇದೆ. ಬುಡಸಮೇತ ಕಿತ್ತ ಜಾಲಿಮರಗಳು ತೇಲಿಬರುವ ನಡುಹೊಳೆಯಲ್ಲಿ ಅದಕ್ಕೇನು ಕೆಲಸ? ದಂಡೆಗೆ ಸರಿಯುತ್ತದೆ, ಬಂಡೆಗಳ ಹಿಂದೆ ಸೇರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಹಳ್ಳಗಳೊಳಗೆ ಏರುತ್ತದೆ.

ಬಾದಾಮಿಯ ಕೆಂಪು ಗುಡ್ಡಗಳಿಂದ ಇಳಿದು ಹೊಳೆ ಸೇರುವ ಈ ಹಳ್ಳಗಳು ಬೇಸಿಗೆಯಲ್ಲಿ ಆಡು ಮಲಗುವ ಜಾಗ. ಮಳೆ ಬಿದ್ದರೆ ಅವೇ ನಮ್ಮ ಹೊಲ. ಹೊಳೆ ತುಂಬಿದಾಗ ಅದರ ನೀರು ಹಳ್ಳದ ಬಾಯಿಯೊಳಗೆ ಹಿಮ್ಮುಖವಾಗಿ ಏರಿ ನಿಲ್ಲುತ್ತದೆ. ಆ ನೀರಿನ ಜೊತೆ ಬಾಳೆಮೀನು, ಗಿರ್ಲು, ಹಾವುಮೀನು ಎಲ್ಲ ಒಳಗೆ ಬರುತ್ತವೆ. ಹೊಳೆ ಇಳಿಯತೊಡಗಿತೆಂದರೆ, ಒಳಗೇ ಸಿಕ್ಕಿಬಿದ್ದೇವು ಎಂಬ ಭಯಕ್ಕೆ ಒಟ್ಟಿಗೆ ಹೊರಗೆ ತಿರುಗುತ್ತವೆ. ಏರುವುದಕ್ಕೂ ಇಳಿಯುವುದಕ್ಕೂ ನಡುವೆ ನೀರು ಕೊಂಚ ಹೊತ್ತು ನಿಂತಂತೆ ಇರುತ್ತದಲ್ಲ, ಆಗ ಹಳ್ಳದ ಬಾಯಿಗೆ ಅಡ್ಡಬಲೆ ಕಟ್ಟಬೇಕು. ಮೊದಲೇ ಕಟ್ಟಿದರೆ ಒಳಗೆ ಬರುವ ಮೀನನ್ನೇ ತಡೆದಂತೆ. ತಡಮಾಡಿದರೆ ಖಾಲಿ ಹಳ್ಳಕ್ಕೆ ಕಾವಲು ಕೂತಂತೆ.

ಆ ಹೊತ್ತಿನಲ್ಲಿ ಅಪಾಯ ಇರುವುದು ಎದುರಿನ ಹೊಳೆಯಲ್ಲಲ್ಲ, ಬೆನ್ನ ಹಿಂದಿನ ಗುಡ್ಡದಲ್ಲಿ. ಮೇಲೆಲ್ಲೋ ದಪ್ಪ ಮಳೆ ಹೊಡೆದರೆ ಇಲ್ಲಿ ಬಿಸಿಲಿದ್ದರೂ ಹಳ್ಳ ಬರುತ್ತದೆ. ಬಂತೆಂದರೆ ಬಲೆ, ಹರಗೋಲು, ಮನುಷ್ಯ ಎಂದು ಭೇದ ಮಾಡುವುದಿಲ್ಲ. ಅದು ಬರುವ ಮುಂಚೆ ತಿಳಿದು ಹೇಳುವವನು ನಮ್ಮ ಅಂಬಿಗರ ಓಣಿಯಲ್ಲಿ ಒಬ್ಬನೇ ಇದ್ದ. ಅವನು ನಮ್ಮ ಕಾಕಾ, ನನ್ನ ತಂದೆಯ ತಮ್ಮ.

ಕಾಕಾನಿಗೆ ಹೊಲವಿರಲಿಲ್ಲ, ಪಂಚಾಯತಿಯಲ್ಲಿ ಕುರ್ಚಿ ಇರಲಿಲ್ಲ, ಅಂಥ ಚಂದದ ಮಾತೂ ಬರುತ್ತಿರಲಿಲ್ಲ. ಆದರೆ ಮಳೆಗಾಲದಲ್ಲಿ ಓಣಿಯ ಗಂಡಸರು ಬಲೆ ಹೆಗಲಿಗೆ ಹಾಕಿಕೊಂಡು ಮೊದಲು ಅವನ ಬಾಗಿಲಿಗೆ ಬಂದು, "ಇಳಿಯೂಣೇನ್ರಿ ಕಾಕಾ?" ಎಂದು ಕೇಳಬೇಕಿತ್ತು. ವಯಸ್ಸಿನಲ್ಲಿ ಅವನಿಗಿಂತ ಹಿರಿಯರೂ ಅವನನ್ನು ಕಾಕಾ ಎಂದೇ ಕರೆಯುತ್ತಿದ್ದರು. ಅವನು ಕುಂತಲ್ಲಿಂದ ಉತ್ತರ ಕೊಡುತ್ತಿರಲಿಲ್ಲ. ಹಳ್ಳಕ್ಕೆ ಹೋಗಿ, ನೋಡಿ, ಆಮೇಲೆ "ಇಳೀರಿ" ಅನ್ನುತ್ತಿದ್ದ, ಇಲ್ಲವೇ ಸುಮ್ಮನೆ ಮನೆಗೆ ತಿರುಗುತ್ತಿದ್ದ. ಅವನು ತಿರುಗಿದರೆ ಎಲ್ಲರೂ ತಿರುಗುತ್ತಿದ್ದರು. ಊರಲ್ಲಿ ಮನುಷ್ಯನಿಗೆ ಒಂದು ಬೆಲೆ ಅಂತ ಇರಬೇಕಲ್ಲ, ಕಾಕಾನ ಬೆಲೆ ಎಂದರೆ ಆ ಒಂದು ಮಾತು.

ಅವನು ನನಗೆ ಕಲಿಸಿದ ಪಾಠ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. "ಮೊದಲ ಕಸಾ, ಆಮ್ಯಾಲ ನೊರಿ, ಕಡೀಕ ನೀರು." ಗುಡ್ಡದ ನೀರಿನ ಮೊದಲ ಅಂಚು ಒಣ ಹಳ್ಳವನ್ನು ಕಸಬರಿಗೆಯಂತೆ ಗುಡಿಸಿಕೊಂಡು ಬರುತ್ತದೆ. ಒಣ ಎಲೆ, ಕಡ್ಡಿ, ಆಡಿನ ಹಿಕ್ಕೆ, ಈಗೀಗ ಪ್ಲಾಸ್ಟಿಕ್ ಬಾಟಲಿ, ಎಲ್ಲ ಮುಂದಾಗಿ ತೇಲಿಬರುತ್ತವೆ. ಹಿಂದೆಯೇ ಕಂದು ನೊರೆ. ಅದರ ಹಿಂದೆ ನಿಜವಾದ ನೀರು. ಕಸ ಕಂಡ ಕೂಡಲೇ ಹೊರಟರೆ ಬಲೆ ಬಿಚ್ಚಿಕೊಂಡು ದಂಡೆ ಸೇರಲು ಸಾಕಾಗುವಷ್ಟು ಹೊತ್ತು ಸಿಗುತ್ತದೆ. ಇದಲ್ಲದೆ ಕಾಕಾ ಮೊಣಕಾಲುದ್ದ ನೀರಿಗಿಳಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಹೊಳೆಯ ನೀರು ಬೆಚ್ಚಗೆ, ಗುಡ್ಡದ ನೀರು ತಣ್ಣಗೆ. ಗುಡ್ಡದ ನೀರು ಬರುತ್ತಿದ್ದರೆ ತಳದಲ್ಲಿ ಮೊದಲು ಪಾದಕ್ಕೆ ತಿಳಿಯುತ್ತದೆ. ಆದರೆ ಕೊನೆಯ ಮಾತು ಕಸದ್ದೇ. ಪಾದ ಸುಳ್ಳು ಹೇಳಬಹುದು, ಕಸ ಸುಳ್ಳು ಹೇಳುವುದಿಲ್ಲ ಎಂಬುದು ಅವನ ನಂಬಿಕೆ.

ನಾನು ಹೇಳುತ್ತಿರುವ ಆ ವರ್ಷ, ಮುಂಗಾರಿನ ಮೊದಲ ಮಳೆಗಳಿಗೆ ಹಳ್ಳ ಬರಲೇ ಇಲ್ಲ. ಗುಡ್ಡದ ಮೇಲೆ ಕಪ್ಪು ಮೋಡ ಕೂತದ್ದು ಕಾಣುತ್ತಿತ್ತು, ಕೆಳಗೆ ಮಾತ್ರ ಹಳ್ಳದ ಉಸುಕು ಒಣಗಿಯೇ ಇತ್ತು. ಆ ಬೇಸಿಗೆಯಲ್ಲಿ ಮೇಲೆ ಗುಡ್ಡದ ಸಂದಿಯಲ್ಲಿ ಹೊಸದಾಗಿ ಒಂದು ಬಾಂದಾರ ಕಟ್ಟಿದ್ದು ನಮಗೆಲ್ಲ ಗೊತ್ತಿತ್ತು. ಕಲ್ಲಿನ ಕಂಬ, ಕಂಬಗಳ ನಡುವೆ ಹಲಗೆ, ಹಿಂದೆ ನೀರು. ಅದು ತುಂಬುವ ತನಕ ಕೆಳಗೆ ನೀರು ಕಡಿಮೆ ಬರುತ್ತದೆ ಎಂದು ಲೆಕ್ಕ ಹಾಕಿದೆವೇ ಹೊರತು ಅದರಾಚೆ ಯಾರೂ ಯೋಚಿಸಲಿಲ್ಲ. ನಾನಂತೂ ಆ ಬಾಂದಾರದ ಕೆಲಸಕ್ಕೆ ಕೂಲಿಗೂ ಹೋಗಿದ್ದೆ.

ಶ್ರಾವಣದ ಹೊತ್ತಿಗೆ ಮೇಲಿನ ಸೀಮೆಯಲ್ಲಿ ಮಳೆ ಹಿಡಿದುಕೊಂಡಿತು. ಹೊಳೆಯ ಮೇಲ್ಗಡೆಯ ದೊಡ್ಡ ಡ್ಯಾಮಿನಿಂದ ನೀರು ಬಿಟ್ಟರು. ಮಲಪ್ರಭೆ ದಂಡೆಯ ಕಬ್ಬಿನೊಳಗೆ ನುಗ್ಗಿತು. ನಾನು ಹಟಮಾರಿ, ಸುಮ್ಮನಿರಲಾರದೆ ಹೊಳೆಯ ಅಂಚಿಗೆ ಬೀಸುಬಲೆ ಹಿಡಿದು ಹೋದೆ. ಉಕ್ಕಿದ ನೀರಿಗೆ ಬೀಸಿದ ಬಲೆ ತಳ ಮುಟ್ಟುವ ಮೊದಲೇ ಸೆಳವಿಗೆ ಮಡಚಿಕೊಂಡು ಕಸದ ಗಂಟಾಗಿ ಬರುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ನನ್ನ ಕೆಲಸ. ಗಾಳಕ್ಕೂ ಹಿಟ್ಟಿನ ಉಂಡೆ ನಡೆಯಲಿಲ್ಲ. ಕೆಸರು ನೀರಿನಲ್ಲಿ ಮೀನಿಗೆ ಕಣ್ಣು ಕಾಣುವುದಿಲ್ಲ, ವಾಸನೆಯೇ ದಾರಿ. ತಿಪ್ಪೆಯಿಂದ ಎರೆಹುಳು ತೆಗೆದು, ಸೆಳವಿಲ್ಲದ ಬಂಡೆಯ ಹಿಂಬದಿಗೆ ಇಳಿಬಿಟ್ಟಾಗ ಒಂದಿಷ್ಟು ಗಿರ್ಲು ಬಿದ್ದವು. ಅವೂ ಮುಳ್ಳು ಚುಚ್ಚುವ ಜಾತಿ. ಸಾರಿಗೆ ಬಂದದ್ದಕ್ಕಿಂತ ಕೈಗೆ ಚುಚ್ಚಿದ್ದೇ ಹೆಚ್ಚು.

"ಅಡ್ಡಬಲಿ ಕಟ್ಟೂ ತನಕ ತಡಕೊಳ್ಳೋ ತಮ್ಮಾ," ಎಂದ ಕಾಕಾ. "ಹೊಳಿ ಸಿಟ್ಟಿನ್ಯಾಗ ಇದ್ದಾಗ ಅದರ ಕೂಡ ಮಾತಾಡಬಾರ್ದು."

"ನಿಮ್ಮ ಕಾಕಾ ನೀರು ನೋಡ್ಕೋತ ಕುಂತ್ರ ಮೀನು ಮುದುಕ ಆಗ್ತಾವ," ಎಂದಳು ಚಿಗವ್ವ, ಅಂದರೆ ಕಾಕಾನ ಹೆಂಡತಿ. ಬಾದಾಮಿಯ ಸಂತೆಯಲ್ಲಿ ಮೀನಿನ ಬುಟ್ಟಿ ಇಟ್ಟು ಕೂತರೆ ಅವಳ ಬಾಯಿಗೆ ಎದುರು ನಿಲ್ಲುವವರಿರಲಿಲ್ಲ. ಮನೆಯಲ್ಲಿ ಗಂಡನ ನೀರು ನೋಡುವ ವಿದ್ಯೆಯನ್ನು ಹಾಸ್ಯ ಮಾಡುವಳು, ಹೊರಗಿನವರು ಹಾಸ್ಯ ಮಾಡಿದರೆ ಸೆರಗು ಬಿಗಿದು ನಿಲ್ಲುವಳು.

ಕೊನೆಗೊಂದು ಬೆಳಿಗ್ಗೆ ಡ್ಯಾಮಿನಿಂದ ಬಿಡುವ ನೀರು ಕಡಿಮೆ ಮಾಡಿದ ಸುದ್ದಿ ಬಂತು. ನಾವು ಮೂವರೂ ಹಳ್ಳದ ಬಾಯಿಗೆ ಹೋದೆವು. ಮಳೆ ಇರಲಿಲ್ಲ, ಗುಡ್ಡದ ಮೇಲೆ ಮಾತ್ರ ಮುಸುಕು ಹೊದ್ದಂತೆ ಮೋಡ. ಕಾಕಾ ಜೋಳದ ದಂಟಿನ ತುಂಡು ನೀರಿಗೆ ಬಿಟ್ಟ. ಅದು ನಿಧಾನವಾಗಿ ಹಳ್ಳದೊಳಗೆ ಏರುತ್ತ ಹೋಗಿ ನಿಂತಿತು. ನಿಂತು, ಎತ್ತ ಹೋಗಲಿ ಎಂದು ಯೋಚಿಸುವಂತೆ ತಿರುಗಿತು. ಹೊತ್ತು ಬಂದಿತ್ತು.

ಕಾಕಾ ನೀರಿಗಿಳಿದು ಕಣ್ಣು ಮುಚ್ಚಿದ. ಅವನ ಹುಬ್ಬು ಗಂಟಾದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ಪಾದಕ್ಕ ತಂಪು ಹತ್ತಾಕ್ಹತ್ತೈತಿ," ಎಂದ.

"ಬಿಡೂಣೇನ್ರಿ ಹಂಗಾರ?" ಎಂದೆ.

ಅವನು ನೀರಿನಿಂದ ಮೇಲೆ ಬಂದ. ದಂಡೆ ಹಿಡಿದು ಮೇಲಿನ ತಿರುವಿನವರೆಗೆ ನಡೆದುಹೋಗಿ ಒಂದು ಬಂಡೆಯ ಮೇಲೆ ನಿಂತು ಬಹಳ ಹೊತ್ತು ನೋಡಿದ. ನಾನೂ ಹಿಂದೆ ಹೋಗಿ ನೋಡಿದೆ. ನೀರಿನ ಮೇಲೆ ಒಂದು ಎಲೆಯಿಲ್ಲ, ಒಂದು ಕಡ್ಡಿಯಿಲ್ಲ, ಸಾಣಿಸಿದ ಹಾಗೆ ನುಣುಪು.

"ಕಸಾ ಇಲ್ಲ," ಎಂದ ಕಾಕಾ. "ಇಳೀರಿ."

ಬಲೆ ಕಟ್ಟಿದೆವು. ಈ ದಂಡೆಯಲ್ಲಿ ಹಗ್ಗದ ತುದಿಯನ್ನು ಜಾಲಿಮರದ ಬುಡಕ್ಕೆ ಬಿಗಿದೆವು. ಆ ದಂಡೆಯ ತುದಿಯನ್ನು ಕಾಕಾ ಒಂದು ಬಂಡೆಗೆ ಸುತ್ತಿ, ಅಲ್ಲಿಯೇ ಕಾವಲಿಗೆ ನಿಂತ. ಆ ದಂಡೆ ಎಂದರೆ ಹೊಳೆಗೂ ಹಳ್ಳಕ್ಕೂ ನಡುವೆ ನಾಲಿಗೆಯಂತೆ ಚಾಚಿದ ಜಾಗ. ನಾನು ಹರಗೋಲಿನಲ್ಲಿ ಮೇಲಿನ ಹಗ್ಗ ಹಿಡಿದುಕೊಂಡು ಈ ತುದಿಯಿಂದ ಆ ತುದಿಗೆ ಸರಿಯುತ್ತ, ಸಿಕ್ಕ ಮೀನು ಬಿಡಿಸುತ್ತ, ಹರಗೋಲಿನ ತಳಕ್ಕೆ ಹಾಕುವುದು. ಈ ದಂಡೆಯಲ್ಲಿ ಚಿಗವ್ವ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ನೀರು ಇಳಿಯತೊಡಗಿದ ಹಾಗೆ ಮೀನು ಬಲೆಗೆ ಬರತೊಡಗಿದವು. ಹಗ್ಗ ಹಿಡಿದ ಕೈಗೆ ಅವುಗಳ ಒದೆತ ತಿಳಿಯುವುದು. ನಮ್ಮ ಕೆಲಸದಲ್ಲಿ ಅದಕ್ಕಿಂತ ಸುಖ ಬೇರೆಯಿಲ್ಲ. ಒಮ್ಮೆ ದಂಡೆಗೆ ಬಂದು ಚಿಗವ್ವನ ಬುಟ್ಟಿ ತುಂಬಿಸಿ ಮತ್ತೆ ಹೋದೆ. "ಮುದುಕ ಮೀನು ಅಲ್ಲ ಬಿಡು, ಹರೇದ್ವ ಅದಾವು," ಎಂದು ಅವಳು ನಕ್ಕಳು. ಮೀನಿಗೆ ಹತ್ತಿದ ಕೆಸರು ತೊಳೆಯಲು ಬುಟ್ಟಿ ಹಿಡಿದುಕೊಂಡು ನೀರಿಗೆ ಇಳಿದಳು.

ಆ ದಂಡೆಗೆ ಹತ್ತಿರವಾಗಿ ಒಂದು ದೊಡ್ಡ ಬಾಳೆಮೀನನ್ನು ಬಿಡಿಸುತ್ತಿದ್ದೆ. ಮೊದಲು ಸದ್ದು ಬಂತು. ಲಾರಿಯಿಂದ ಕಡಿಕಲ್ಲು ಸುರಿದ ಸದ್ದು. ತಲೆ ಎತ್ತಿದರೆ ತಿರುವಿನಲ್ಲಿ ಕೆಂಪು ನೀರು ಗೋಡೆಯಂತೆ ಎದ್ದು ಬರುತ್ತಿತ್ತು. ಅದರ ಮುಂದೆ ಕಸವಿಲ್ಲ, ನೊರೆಯಿಲ್ಲ. ಬರೀ ನೀರು.

ಬಲೆಯ ಹೊಟ್ಟೆ ಉಬ್ಬಿತು. ಹಗ್ಗ ವೀಣೆಯ ತಂತಿಯಂತೆ ಬಿಗಿದು ಹರಗೋಲು ಒಂದು ಬದಿಗೆ ವಾಲಿತು. ಜಾಲಿಮರದ ಕಡೆ ನೋಡಿದರೆ ಚಿಗವ್ವನ ಕಾಲು ನೆಲ ಬಿಟ್ಟಿತ್ತು. ಬುಟ್ಟಿ ಹೋಯಿತು. ಅವಳು ಎರಡೂ ಕೈಯಿಂದ ನಮ್ಮ ಬಲೆಯ ಹಗ್ಗವನ್ನೇ ಅಪ್ಪಿಕೊಂಡು ಸೆಳವಿನಲ್ಲಿ ಉದ್ದಕ್ಕೆ ಚಾಚಿಕೊಂಡಿದ್ದಳು, ತಲೆ ಮುಳುಗುತ್ತ ಏಳುತ್ತ. ಕಾಕಾ ಬಂಡೆಯ ಮೇಲಿಂದ ಏನೋ ಕೂಗುತ್ತಿದ್ದ. ನೀರಿನ ಅಬ್ಬರದಲ್ಲಿ ಬಾಯಿ ಅಲುಗುವುದು ಮಾತ್ರ ಕಾಣುತ್ತಿತ್ತು.

ಯೋಚಿಸಲು ಹೊತ್ತಿರಲಿಲ್ಲ ಎಂದು ಜನ ಹೇಳುತ್ತಾರೆ. ನನಗೆ ಹಾಗಾಗಲಿಲ್ಲ, ಎಲ್ಲ ಸ್ಪಷ್ಟವಾಗಿ ಹೊಳೆಯಿತು. ಹಗ್ಗ ಹೀಗೆಯೇ ಎರಡೂ ಕಡೆ ಬಿಗಿದಿದ್ದರೆ ಬಲೆ ಒಡ್ಡಿನಂತೆ ನಿಂತು ಹರಗೋಲನ್ನೂ ಚಿಗವ್ವನನ್ನೂ ಮುಳುಗಿಸುತ್ತದೆ. ಜಾಲಿಮರದ ಕಡೆ ಕಡಿದರೆ ಚಿಗವ್ವ ಹೊಳೆಯ ಪಾಲು. ಕಾಕಾನ ಕಡೆ ಕಡಿದರೆ ಬಲೆಯೆಲ್ಲ ಬಾಗಿಲಿನಂತೆ ತಿರುಗಿ ಜಾಲಿಮರದ ದಂಡೆಗೆ ಹೋಗಿ ಬಡಿಯುತ್ತದೆ, ನಮ್ಮಿಬ್ಬರನ್ನೂ ಹೊತ್ತುಕೊಂಡು. ಆದರೆ ಕಾಕಾ ಒಬ್ಬನೇ ಆಚೆ ಉಳಿಯುತ್ತಾನೆ, ಎರಡು ನೀರಿನ ನಡುವೆ, ಹಿಡಿದುಕೊಳ್ಳಲು ಒಂದು ಹಗ್ಗವೂ ಇಲ್ಲದೆ.

ನಾನು ಚೂರಿ ತೆಗೆದು ಅವನ ಕಡೆ ನೋಡಿದೆ. ಅವನು ಕೂಗುವುದನ್ನು ನಿಲ್ಲಿಸಿ ಗೋಣು ಹಾಕಿದ. ಕಡಿದೆ.

ಹರಗೋಲು ಸುಂಟರಗಾಳಿಗೆ ಸಿಕ್ಕ ಮೊರದಂತೆ ತಿರುಗಿ ದಂಡೆಯ ಮೆಳೆಗೆ ಬಡಿಯಿತು. ಒಂದು ಬದಿ ಮುರಿಯಿತು. ನಾನು ಹಗ್ಗ ಹಿಡಿದು ಹೋಗಿ ಚಿಗವ್ವನ ತೋಳು ಹಿಡಿದು ಎಳೆದೆ. ಅವಳ ಅಂಗೈಗಳ ಚರ್ಮ ಹಗ್ಗಕ್ಕೆ ಸುಲಿದಿತ್ತು. ಕೆಂಪು ನೀರು ಕಾರಿ, ಉಸಿರು ತಿರುಗಿದ ಮೇಲೆ ಅವಳು ಕೇಳಿದ ಮೊದಲ ಮಾತು, "ಅವ್ರೆಲ್ಲಿ?"

ಕಾಕಾ ಆಚೆಯಿದ್ದ. ಬಂಡೆ ಮುಳುಗಿ, ಅದರ ಹಿಂದಿನ ಬೇವಿನ ಮರದ ಕವಲಿನಲ್ಲಿ ಕೂತಿದ್ದ. ಊರವರು ಓಡಿಬಂದು ದಂಡೆಯ ಮೇಲೆ ನೆರೆದರು. ಹರಗೋಲು ಮುರಿದಿತ್ತು, ಹಗ್ಗ ಎಸೆದರೆ ಮುಟ್ಟುತ್ತಿರಲಿಲ್ಲ. ಕೂತು ನೋಡುವುದೊಂದೇ ಕೆಲಸ. ಗುಡ್ಡದ ಹಳ್ಳದ ಒಂದು ಗುಣವೆಂದರೆ ಅದು ಬಂದಷ್ಟೇ ಬೇಗ ಹೋಗುತ್ತದೆ. ಸಂಜೆ ಬಿಸಿಲು ಬೀಳುವ ಹೊತ್ತಿಗೆ ನೀರು ಸೊಂಟಕ್ಕೆ ಬಂತು, ಕಾಕಾ ಮರದಿಂದಿಳಿದು ಕೋಲು ಊರುತ್ತ ದಾಟಿಬಂದ.

ಅವನು ಹೆಂಡತಿಯ ಪಕ್ಕ ಕೂತು ಅವಳ ಕೈ ತಿರುಗಿಸಿ ನೋಡಿದ. ಗುಂಪಿನಲ್ಲಿ ಯಾರೋ, "ನೀರು ನೋಡಾಂವ್ಗ ಕಣ್ಣ ಕಾಣ್ದಂಗ ಆಗ್ಯಾವ ಬಿಡ್ರಿ," ಎಂದರು. ಹಾಗಂದವನ ಅಪ್ಪ-ಅಜ್ಜ ಎಲ್ಲ ಕಾಕಾನ ಮಾತಿಗೆ ಇಳಿದು ಕಾಕಾನ ಮಾತಿಗೆ ಹತ್ತಿದವರು. ನನಗೆ ಮೈ ಉರಿಯಿತು.

"ನಿನ್ನ ಬಾಯಾಗ ಮಣ್ಣ ಹಾಕ್ಲಿ," ಎಂದು ಚಿಗವ್ವ ಮಲಗಿದಲ್ಲಿಂದಲೇ ಬೈದಳು. "ಸತ್ತಿದ್ರ ನಾ ಸಾಯ್ತಿದ್ನಿ. ನಿನಗೇನ ಆಗೇತಿ?"

 ಅವತ್ತಿನಿಂದ ಕಾಕಾನ ಬಾಗಿಲಿಗೆ ಬಲೆ ಹೊತ್ತುಕೊಂಡು ಯಾರೂ ಬರಲಿಲ್ಲ. ಅವನೂ ಹಳ್ಳದ ಕಡೆ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ಚಿಗವ್ವನ ಕೈಗೆ ಬೆಳಿಗ್ಗೆ ಸಂಜೆ ಅರಿಸಿನ ಎಣ್ಣೆ ಹಚ್ಚುತ್ತಿದ್ದ. ಅವಳು, "ಸಾಕ ಬಿಡ್ರಿ, ಮದಿಮಗಳಂಗ ಕಾಣಾಕ್ಹತ್ತೇನಿ," ಎಂದು ಚೇಷ್ಟೆ ಮಾಡಿದರೂ ಅವನು ನಗುತ್ತಿರಲಿಲ್ಲ. ಅವನನ್ನು ಹಾಗೆ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಅವನ ಪಾಠದಲ್ಲಿ ತಪ್ಪಿರಲು ಸಾಧ್ಯವಿಲ್ಲ ಎಂದು ನನ್ನ ಮನಸ್ಸು ಹೇಳುತ್ತಲೇ ಇತ್ತು. ಆ ನೀರನ್ನು ನಾನೂ ನೋಡಿದ್ದೆನಲ್ಲ, ಕಸ ಇರಲಿಲ್ಲ.

ಮಳೆ ಬಿಡುವು ಕೊಟ್ಟ ಮೇಲೆ ಹರಗೋಲಿನ ಮುರಿದ ಬದಿಯನ್ನು ಮತ್ತೆ ಹೆಣೆಯಲು ಲಕ್ಕಿಗಿಡದ ಬರಲು, ಅಂದರೆ ಬಳುಕುವ ಕಡ್ಡಿ, ಕೊಯ್ಯಲು ಹಳ್ಳ ಹಿಡಿದು ಮೇಲಕ್ಕೆ ಹೋದೆ. ಒಳ್ಳೆಯ ಬರಲು ಹುಡುಕುತ್ತ ಬಾಂದಾರದವರೆಗೆ ಬಂದೆ. ಅಲ್ಲಿ ನಿಂತವನು ಬಂದ ಕೆಲಸವನ್ನೇ ಮರೆತೆ. ಬಾಂದಾರದ ಹಿಂದೆ ಆಳೆತ್ತರಕ್ಕೆ ಕಸ ಬಿದ್ದಿತ್ತು. ಎಲೆ, ಕಡ್ಡಿ, ಜೋಳದ ಬೇರು, ಬಾಟಲಿ, ಆ ವರ್ಷದ ಮುಂಗಾರಿನಿಂದ ಗುಡ್ಡ ಗುಡಿಸಿ ಕಳಿಸಿದ್ದೆಲ್ಲ ಅಲ್ಲಿಯೇ ಇತ್ತು. ಪಕ್ಕದ ಹೊಲದ ರೈತ ಬಂದು ತೋರಿಸಿದ.

"ನಡುವಿನ ಕಿಂಡಿ ಒಳಗ ತಳದ ಹಲಗಿ ಕಿತ್ತ ಹೋದುವ್ರಿ ಅವತ್ತ. ಮೊದಲ ಸಂದ್ಯಾಗ ಸೋರ್ತಿತ್ತು. ಆಮ್ಯಾಲ ಧಡಲ್ ಅಂತ ಒಮ್ಮೆಲೆ ಹೋತು."

ಮೊದಲು ಸೋರಿದ ನೀರು, ಕಾಕಾನ ಪಾದಕ್ಕೆ ಹತ್ತಿದ ತಂಪು. ಆಮೇಲೆ ತಳದಿಂದ ನುಗ್ಗಿದ್ದು ಬರೀ ನೀರು. ಮೇಲೆ ತೇಲುತ್ತಿದ್ದ ಕಸ ಕಂಬಗಳ ಹಿಂದೆ ಹಾಗೆಯೇ ಕೆಳಗೆ ಕೂತಿತು. ಬಾಂದಾರದ ಕೆಳಗೆ ಹಳ್ಳದಲ್ಲಿದ್ದ ಅಷ್ಟಿಷ್ಟು ಕಸ ಆ ನೀರಿನ ಗೋಡೆಯೊಳಗೇ ಸುತ್ತಿಕೊಂಡು ಬಂದಿರಬೇಕು. ಮಳೆಗಾಲದಲ್ಲಿ ಹಲಗೆ ತೆಗೆದಿಡಬೇಕೆಂಬುದು ಕ್ರಮವಂತೆ. ಆದರೆ ನಮ್ಮಂಥ ಸೀಮೆಯಲ್ಲಿ ಬಂದ ನೀರನ್ನು ಹೋಗಗೊಡಲು ಯಾವ ರೈತನಿಗೆ ಮನಸ್ಸು ಬರುತ್ತದೆ? ಅವನ ಬಾವಿಗೆ ನೀರು ಬಂದಿತ್ತು. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಮುಂದಿನ ಸಲ ಹಲಗೆ ತೆಗೆಯುವಾಗ ಫೋನ್ ಮಾಡು ಎಂದು ನನ್ನ ನಂಬರು ಕೊಟ್ಟು, ಅವನದನ್ನೂ ತೆಗೆದುಕೊಂಡೆ.

ಬರಲು ಕೊಯ್ಯದೆ ಬರಿಗೈಲಿ ಓಡುತ್ತ ಇಳಿದೆ. ಅಷ್ಟು ಖುಷಿ ನನಗೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ಅವತ್ತು ಆ ಮಾತಾಡಿದವನ ಮನೆ ಹೊಕ್ಕು ಹೇಳಿದೆ. ಆಮೇಲೆ ಕಾಕಾನ ಕಟ್ಟೆಗೆ ಬಂದೆ.

"ಕಾಕಾ, ನೀವು ತಪ್ಪ ನೋಡಿಲ್ರಿ! ಕಸಾ ಬಂದಿತ್ತು, ಬಾಂದಾರ ತಡದೈತಿ."

"ನೋಡ್ರಿ, ನಾ ಅಂದಿದ್ದಿಲ್ಲ?" ಎಂದು ಚಿಗವ್ವ ಒಳಗಿನಿಂದ ಬಂದಳು. ಅವಳ ಕಣ್ಣು ತುಂಬಿದ್ದವು.

ಕಾಕಾ ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದ. ಕಸ ಎಷ್ಟು ಎತ್ತರ ಬಿದ್ದಿದೆ, ಕಿಂಡಿ ಎಷ್ಟು ಅಗಲ, ಹಲಗೆ ಮತ್ತೆ ಹಾಕುತ್ತಾರೋ. ನಾನು ಹೇಳುತ್ತ ಹೋದಂತೆ ಅವನ ಮುಖ ಅರಳುತ್ತದೆ ಎಂದು ಕಾಯುತ್ತಿದ್ದೆ. ಅರಳಲಿಲ್ಲ.

"ಹಂಗಾರ ಇನ್ನ ಮ್ಯಾಲ ಕಸಾ ಬರೂದಿಲ್ಲ," ಎಂದ.

"ಬರೂದಿಲ್ರಿ."

"ನಂದ ಕಣ್ಣ ತಪ್ಪೈತಿ ಅಂತ ತಿಳ್ಕೊಂಡಿದ್ನೋ ತಮ್ಮಾ. ದವಾಖಾನಿಗೆ ಹೋಗಿ ಕಣ್ಣ ತೋರಿಸ್ಕೊಂಡ, ಬರೂ ವರ್ಷ ಇನ್ನೊಂದ ತಿರುವು ಮ್ಯಾಲ ಹೋಗಿ ನೋಡೂದು ಅಂತ ಮಾಡಿದ್ನಿ." ಅವನು ಕೈ ಒರೆಸಿಕೊಂಡ. "ಇನ್ನ ಹಳ್ಳ ಬರೂದು ಹಳ್ಳದ ಕೈಯಾಗಿಲ್ಲ, ಹಲಗಿ ಕೈಯಾಗೈತಿ. ನಾ ಏನ ನೋಡ್ಲಿ?"

 ತಪ್ಪು ಎಂಬುದು ಅವನಿಗೆ ಒಂದು ಆಸರೆಯಾಗಿತ್ತು. ತಿದ್ದಿಕೊಳ್ಳಬಹುದಾದ ಆ ತಪ್ಪನ್ನು ನಾನು ಓಡೋಡಿ ಬಂದು ಕಿತ್ತುಕೊಂಡಿದ್ದೆ. ಹೇಳದಿದ್ದರೆ ಅವನು ಮತ್ತೆ ಇಳಿಯುತ್ತಿದ್ದ, ಮತ್ತೆ ಕಸವಿಲ್ಲದ ನೀರನ್ನು ನಂಬುತ್ತಿದ್ದ. ಹೇಳಲೇಬೇಕಿತ್ತು. 

ಮರುವರ್ಷ ಹೊಳೆ ತುಂಬಿ ನೀರು ನಿಂತಾಗ ಓಣಿಯವರೆಲ್ಲ ಬಲೆ ಹೊತ್ತು ಕಾಕಾನ ಬಾಗಿಲಿಗೆ ಬಂದರು. ನಾನು ಸಾರಿದ್ದು ಊರಿಗೆಲ್ಲ ಮುಟ್ಟಿತ್ತು, ಹಿಂದಿನ ವರ್ಷ ಅವನ ಕಣ್ಣನ್ನು ಹೀಯಾಳಿಸಿದವನೇ ಎಲ್ಲರಿಗಿಂತ ಮುಂದೆ ನಿಂತು, ತಪ್ಪಾಯಿತು ಎನ್ನುವ ದನಿಯಲ್ಲಿ, "ಇಳಿಯೂಣೇನ್ರಿ ಕಾಕಾ?" ಎಂದು ಕೇಳಿದ.

ಕಾಕಾ ಎದ್ದು ನಿಂತ. ಒಂದು ಗಳಿಗೆ ಹಳ್ಳದ ಕಡೆ ಮುಖ ಮಾಡಿದ. ಆಮೇಲೆ ನನ್ನ ಕಡೆ ಕೈ ತೋರಿಸಿ, "ಅಂವ್ನ ಕಡೆ ಬಾಂದಾರದ ರೈತನ ಫೋನ್ ನಂಬರ್ ಐತಿ, ಹಚ್ಚಿ ಕೇಳ್ರಿ," ಎಂದು ಹೇಳಿ ಒಳಗೆ ಹೋದ.